ಬೇವಿನ ಕಡ್ಡಿ

ನಮ್ಮ ಗಂಗಮ್ಮನಿಗೆ ಮುಖವಿಲ್ಲ.
ಕಣ್ಣು ಬಿಡಿಸಲು ಒಂದು ಕಲ್ಲೂ ಇಲ್ಲ.
ತಾಮ್ರದ ಬಿಂದಿಗೆ, ಕತ್ತಿಗೆ ಹಳದಿ ದಾರ,
ಬಾಯಿಗೆ ಬೇವು, ಹೊಟ್ಟೆ ತುಂಬ
ಹೇಮಾವತಿಯ ಹಿನ್ನೀರು. ಅಷ್ಟೇ ದೇವರು.
ಗುಡಿಯೆಂದರೆ ನಾಲ್ಕು ತಗಡು.
ಸೊಸೈಟಿಯ ಐಸ್ ಶೆಡ್ಡು ಅದಕ್ಕಿಂತ ಒಂದು ಮೊಳ ಎತ್ತರ.
ಅವಳೇನೂ ಬೇಜಾರು ಮಾಡಿಕೊಂಡಂತಿಲ್ಲ.

ಪುಷ್ಯ ಮಳೆ ಹಿಂದೆ ಸರಿದ ಮೊದಲ ಮಂಗಳವಾರ
ಕೊಪ್ಪಲಿನ ಹನ್ನೊಂದು ಮನೆಗೂ ಹಬ್ಬ.
ಎರಡು ತಿಂಗಳು ಬಲೆ ಮುಟ್ಟದ ಕೈ
ಅವತ್ತು ನೀರಿಗಿಳಿಯುತ್ತದೆ.
ಸಿಕ್ಕ ಮೊದಲ ಮೀನು ನಮ್ಮದಲ್ಲ:
ಅರಿಶಿನ ಸವರಿ, ತುಟಿ ಚುಚ್ಚಿ,
ಹಿತ್ತಾಳೆ ತಂತಿಯ ಮೂಗುತಿ ತೊಡಿಸಿ
ಹೆಣ್ಣುಮಗಳನ್ನು ಕಳಿಸಿದ ಹಾಗೆ ಕಳಿಸಿಕೊಡಬೇಕು.
ವರ್ಷಕ್ಕೊಂದು ಮನೆಯ ಸರದಿ.
ಹಾಸನದಿಂದ ಬಂದ ಮೀನುಗಾರಿಕೆ ಸಾಹೇಬರು ಕೇಳಿದ್ದರು,
"ಮೀನಿಗೆ ಮೂಗೆಲ್ಲಿ?"
ಗುಡ್ಡಪ್ಪ ಚೆಲುವಯ್ಯ ಬೀಡಿ ಆರಿಸಿ ಹೇಳಿದ:
"ಹುಡುಕಿದ್ರೆ ಸಿಕ್ತದೆ ಸ್ವಾಮಿ. ನಮ್ಗೆ ಸಿಕ್ಕೈತೆ."

ಹನ್ನೊಂದು ವರ್ಷದ ಹಿಂದೆ ಸರದಿ ನಮ್ಮ ಮನೆಯದು.
ಕಿವಿರಿಗೆ ಬೆರಳು ಕೊಟ್ಟು ಹಿಡಿದವನು ನಾನು.
ಅವ್ವ ಬಗ್ಗಿದಳು, ಹರಿಗೋಲು ಅವಳ ಕಡೆಗೆ ವಾಲಿತು.
ತಂತಿಯಿಂದ ಚುಚ್ಚಿ, ತಂತಿಯನ್ನು ಮಡಿಲಿಗೆ ಹಾಕಿಕೊಂಡು
ಸೆರಗಿನ ಮರೆಯಲ್ಲಿ ತಿರುಪು ಬಿಚ್ಚಿ
ತನ್ನ ಮೂಗುಬಟ್ಟು,
ಕೆಂಪು ಹರಳಿನ ಚಿನ್ನದ್ದು, ತವರಿನದು,
ಅದನ್ನೇ ತೊಡಿಸಿ ಬಿಟ್ಟಳು.
ನನ್ನ ಕಡೆ ನೋಡಿದಳು. ದಡದಲ್ಲಿ ತಮಟೆ ಜೋರಾಗಿತ್ತು.
ಯಾಕೆ ಅಂತ ನಾನು ಕೇಳಲಿಲ್ಲ.
ಆಮೇಲೂ ಕೇಳಲಿಲ್ಲ.

ಸಂಜೆ ಅಪ್ಪ ಕೇಳಿದ.
"ಅಕ್ಕಿ ತೊಳೆಯೋವಾಗ ಬಿದ್ದೋಯ್ತು."
ಅವನು ಬಚ್ಚಲ ಮಣ್ಣನ್ನು ಜರಡಿ ಹಿಡಿದ,
ಕೋಳಿಯ ಹೊಟ್ಟೆ ಬಗೆದು ನೋಡಿದ,
ಮೂರು ದಿನ ಉಣ್ಣಲಿಲ್ಲ,
ನಾಲ್ಕನೆಯ ದಿನ ಕೈ ಎತ್ತಿದ.
ಅವ್ವ ತೂತು ಮುಚ್ಚಿಹೋಗದಂತೆ
ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು.
ವಾರಕ್ಕೊಂದು ಹೊಸ ಕಡ್ಡಿ.
ಮತ್ತೆ ಚಿನ್ನ ಬಂದೀತು ಎಂದಲ್ಲ,
ಜಾಗ ಇರಲಿ ಎಂದು.

ಅಪ್ಪ ಹೋದಾಗ
ಮುತ್ತೈದೆತನ ತೆಗೆಯಲು ಬಂದ ಹೆಂಗಸರು
ಬಳೆ ಒಡೆದರು, ಕುಂಕುಮ ಒರೆಸಿದರು,
ಮೂಗಿನ ಹತ್ತಿರ ಬಂದು ತಡೆದರು.
ಕಡ್ಡಿಯನ್ನು ಕೀಳಬೇಕೋ ಬೇಡವೋ
ಯಾವ ಮುದುಕಿಗೂ ಗೊತ್ತಿರಲಿಲ್ಲ.
ಅವಳು ಮಣ್ಣಿಗೆ ಹೋದ ದಿನವೂ ಅದು ಅಲ್ಲೇ ಇತ್ತು,
ಹಸಿರಾಗಿಯೇ.

ಈ ವರ್ಷ ಮತ್ತೆ ನಮ್ಮ ಸರದಿ.
ಮುಳುಗಿದ ಹಳೇ ಊರಿನ ಹುಣಸೆ ಬೊಡ್ಡೆಯ ಬಳಿ ಬಲೆ.
ಎಳೆದರೆ ಬರಲಿಲ್ಲ. ಷಡ್ಡಕ ಜವರಾಯಿ ಕೈ ಕೊಟ್ಟ ಮೇಲೆ
ಬಂತು ಕಾಟ್ಲಾ, ತೊಟ್ಟಿಲ ಮಗುವಿಗಿಂತ ದಪ್ಪ.
"ಹದಿನಾಲ್ಕು ಕೇಜಿ," ದಡದಿಂದಲೇ ಕೂಗಿದ ತೂಕದ ಪರ್ವತಯ್ಯ,
"ನೂರ ನಲವತ್ತರಂಗೆ..." ಎಂದು ಬೆರಳು ಮಡಚತೊಡಗಿದ.
ಯಾರೋ ಅವನ ತಲೆಗೆ ಮೊಟಕಿದರು.

ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು,
ಸಾಲ ಕೇಳಲು ಬಂದು ಹೊಸ್ತಿಲಲ್ಲೇ ನಿಂತವರ ಹಾಗೆ.
ತುಟಿಯ ಎಡಗಡೆ
ಹಳೆಯದೊಂದು ತೂತು. ಅಂಚು ಮಾಗಿ ನುಣ್ಣಗಾಗಿದೆ.
ಒಳಗೆ ಏನೂ ಇಲ್ಲ.
ಗಾಳದ್ದಿರಬಹುದು. ಭಾನುವಾರ ಗಾಳ ಹಾಕಲು ಬರುವ
ಪೇಟೆ ಹುಡುಗರು ಬೇಕಾದಷ್ಟಿದ್ದಾರೆ.
ಮೀನು ಹನ್ನೊಂದು ವರ್ಷ ಬದುಕುತ್ತದೆಯೇ ಎಂದು
ಸಾಹೇಬರನ್ನು ಕೇಳಬಹುದಿತ್ತು.
ಅವರು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರು.

ಮಗಳು ಸಿಂಚನ ತಂತಿ ಬಗ್ಗಿಸಿಕೊಂಡು ತಯಾರಿದ್ದಳು,
ಕೈವಾರದಲ್ಲಿ ಎಳೆದಂಥ ಸುತ್ತು.
ಚುಚ್ಚಬೇಕಾಗಲಿಲ್ಲ.
ತೂರಿತು.

ಬಿಂದಿಗೆ ಹೊತ್ತ ಚೆಲುವಯ್ಯ ಎದೆಮಟ್ಟ ನೀರಿನಲ್ಲಿ ನಿಂತು
"ಹೋಗ್ಬಾ ತಾಯಿ" ಎಂದ.
ಬಾಲ ಒಮ್ಮೆ ಬಡಿಯಿತು, ನನ್ನ ಮುಖವೆಲ್ಲ ನೀರು.
ಒಳ್ಳೆಯದೇ ಆಯಿತು.

"ಅಪ್ಪಾ, ತೂತು ಮೊದಲೇ ಇತ್ತು ಕಣಪ್ಪ."
ಆರತಿ ವಾಲ್ತಾ ಐತೆ, ಎಂದೆ,
ತಂಬಿಟ್ಟು ನೀರಿಗೆ ಬಿದ್ದಾತು, ನೆಟ್ಟಗೆ ಹಿಡ್ಕೊ.